ಒಂದು ಗಂಟೆಯ ಹೌದು

ಅಪ್ಪಾ,

'ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು' ಎಂದು ನೀನು ಕಲಿಸಿದ ಹಾಗೆಯೇ ಶುರು ಮಾಡಿದ್ದೆ. ಮುಂದಿನ ಸಾಲಿನಲ್ಲಿ ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕಲ್ಲ, ಅಲ್ಲಿಗೆ ಪೆನ್ನು ನಿಂತಿತು. ಹಾಳೆ ಹರಿದು ಎಸೆದೆ. ಕ್ಷೇಮ ಎಲ್ಲಿಂದ ತರಲಿ? ಸವದತ್ತಿಯ ಮನೆಗೆ ಬೀಗ ಹಾಕಿ ಅವ್ವನನ್ನು ಬೈಲಹೊಂಗಲದ ನನ್ನ ಬಾಡಿಗೆ ಮನೆಗೆ ಕರೆತಂದು ಹನ್ನೊಂದು ತಿಂಗಳಾಯಿತು. ಮುಂದಿನ ತಿಂಗಳು ನಿನ್ನ ವರ್ಷಾಂತ. ಅದಕ್ಕೆ ಮೊದಲು ನಿನಗೊಂದು ಮಾತು ಹೇಳಬೇಕು. ನೀನು ಎದುರಿಗೆ ಕೂತಿದ್ದರೆ ಇದನ್ನು ಹೇಳುವ ಧೈರ್ಯ ನನಗೆ ಬರುತ್ತಿತ್ತೋ ಇಲ್ಲವೋ, ದೇವರಾಣೆ ಗೊತ್ತಿಲ್ಲ.

ನಿನ್ನ ಫೋನು ಈಗಲೂ ದಿನಕ್ಕೆ ಮೂರು ಹೊತ್ತು ಕೂಗುತ್ತದೆ. ಮುಂಜಾನೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ. ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕದಲ್ಲಿ ಅವ್ವ ಅದಕ್ಕೊಂದು ಜಾಗ ಮಾಡಿದ್ದಾಳೆ. ಚಾರ್ಜು ಕಡಿಮೆಯಾಗಲು ಬಿಡುವುದಿಲ್ಲ. ಹೊತ್ತಾದ ಕೂಡಲೇ ನಿನ್ನ ದನಿ: "ಏ ಭೀಮಾಚಾರಿ, ಗುಳಿಗಿ ನುಂಗಿದ್ಯೋ ಇಲ್ಲೋ? ಆಮ್ಯಾಲ ಎಲ್ಲೆರ ಬಿದ್ದುಗಿದ್ದಿ!" ಚಪಾತಿ ಲಟ್ಟಿಸುತ್ತಿದ್ದರೆ ಅವ್ವನ ಕೈ ನಿಲ್ಲುತ್ತದೆ. ಪರದೆಯ ಮೇಲೆ 'ತೆಗೆದುಕೊಂಡಿರಾ?' ಎಂಬ ಪ್ರಶ್ನೆ ಬರುತ್ತದೆ, ಕೆಳಗೆ ಹೌದು, ಇಲ್ಲ ಎಂದು ಎರಡು ಗುಂಡಿ. ನಾವು ಯಾವುದನ್ನೂ ಒತ್ತುವುದಿಲ್ಲ. ಹತ್ತು ಹತ್ತು ನಿಮಿಷಕ್ಕೆ ಬಹಳ ಹೊತ್ತು ಕೂಗಿ ಕೊನೆಗೆ ತಾನೇ ಸುಮ್ಮನಾಗುತ್ತದೆ. ಅರ್ಧ ಗಂಟೆಯಾದ ಮೇಲೆ ನನ್ನ ಫೋನಿಗೆ ಕೆಂಪು ಸಂದೇಶ ಬರುತ್ತದೆ, ಭೀಮಾಚಾರ್ಯರಿಂದ ಉತ್ತರವಿಲ್ಲ ಎಂದು. ಎಲ್ಲಿಂದ ಬರಬೇಕು ಉತ್ತರ? ಹೈಸ್ಕೂಲಿನ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳಿಗೆ ಇದನ್ನು ನಿಲ್ಲಿಸುವುದು ಒಂದು ನಿಮಿಷದ ಕೆಲಸ. ನಿಲ್ಲಿಸಿಲ್ಲ.

ನೀನು ಮೊದಲ ಸಲ ಬಿದ್ದದ್ದು ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ. ಯಾರದೋ ಮನೆಯ ವಾಸ್ತುಶಾಂತಿ ಮುಗಿಸಿ ಬರುತ್ತಿದ್ದೆ. ಆಚಾರ್ಯರಿಗೆ ಬಿಸಿಲು ಬಡಿದಿದೆ ಎಂದು ಜನ ಸೋಡಾ ಕುಡಿಸಿ ಬಸ್ಸಿಗೆ ಹತ್ತಿಸಿದರು. ಆಮೇಲೆ ಬೆಳಗಾವಿಯಲ್ಲಿ ಡಾಕ್ಟರಮ್ಮ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ನೀನು ಎದೆಯುಬ್ಬಿಸಿ, ಏನೂ ಇಲ್ಲ, ದಮ್ಮಿಗೊಂದು ಪುಡಿ ಅಷ್ಟೇ, ಅದೂ ಗಿಡಮೂಲಿಕೆಯದು ಎಂದೆ. ಎಂಟು ವರ್ಷ ನುಂಗಿದ ಪುಡಿ. ಅದನ್ನು ಕೊಡುತ್ತಿದ್ದವನು ಊರು ಬಿಟ್ಟು ಹೋಗಿ, ಪುಡಿ ತೀರಿ ಹದಿನೈದು ದಿನ ಆಗಿತ್ತು. ಅದರಲ್ಲಿ ಸ್ಟೆರಾಯ್ಡ್ ಕಲಸಿದ್ದರು ಅಪ್ಪಾ. ಹೊರಗಿನಿಂದ ಬರುತ್ತದಲ್ಲ ಎಂದು ಒಳಗಿನ ಗ್ರಂಥಿ ತನ್ನ ಕೆಲಸ ಬಿಟ್ಟು ಮಲಗಿಬಿಟ್ಟಿತ್ತು. ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತಿರುವ ಚಿಕ್ಕ ಗ್ರಂಥಿ, ಅಡ್ರಿನಲ್ ಎಂದು ಅದರ ಹೆಸರು. ಬಸ್ಸಿನಲ್ಲಿ ಬರುವಾಗ ನಿನಗೆ ನಗು ಬೇರೆ. "ನಂದು ಕುಂಭಕರ್ಣನ ವಂಶ ನೋಡವಾ, ದಿನಾ ಮೂರು ಸಲ ಎಬ್ಬಸಬೇಕಂತ" ಎಂದೆ. ನನಗೆ ನಗು ಬರಲಿಲ್ಲ. ಜ್ವರ ಬಂದರೆ ಗುಳಿಗೆ ಇಮ್ಮಡಿ ಮಾಡಬೇಕು, ವಾಂತಿಯಾದರೆ ಗುಳಿಗೆಯನ್ನು ನಂಬಬಾರದು, ಕೂಡಲೇ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಓಡಬೇಕು, ಇಲ್ಲದಿದ್ದರೆ ರಕ್ತದೊತ್ತಡ ಕುಸಿದು ಜೀವ ಹೋಗಬಹುದು ಎಂದು ಡಾಕ್ಟರಮ್ಮ ನನಗೆ ಎರಡೆರಡು ಸಲ ಹೇಳಿದ್ದರು.

ಆ ವಾರವೇ ನಿನ್ನ ಕೈಗೆ ಆ ಫೋನು ಕೊಟ್ಟು, ಅದರಲ್ಲಿ ಗುಳಿಗೆಯ ಆ್ಯಪ್ ಹಾಕಿದೆ. ನೆನಪಿದೆಯಾ, ಮೊದಲ ದಿನ ಅದು ಯಾವುದೋ ಹುಡುಗಿಯ ದನಿಯಲ್ಲಿ ಗುಳಿಗೆಯ ಹೊತ್ತಾಯಿತು ಎಂದದ್ದು? "ಇದ್ಯಾವಾಕಿ ನನಗ ಹೇಳಾಕಿ?" ಎಂದು ಸಿಟ್ಟಾದೆ. ನನ್ನ ದನಿ ಹಾಕುತ್ತೇನೆಂದರೆ ಅದೂ ಬೇಡ, ಮಗಳು ಇಡೀ ಜಿಲ್ಲೆಯ ಮುಂದೆ ಬೈದ ಹಾಗಾಗುತ್ತದೆ ಎಂದೆ. ಕೊನೆಗೆ, ನನ್ನನ್ನು ಬೈಯುವ ಯೋಗ್ಯತೆ ಇರುವವನು ನಾನೊಬ್ಬನೇ ಎಂದು ಗಂಟಲು ಸರಿಮಾಡಿಕೊಂಡು ನೀನೇ ರೆಕಾರ್ಡ್ ಮಾಡಿದೆ. ಲಾಕ್ ತೆಗೆಯದೆಯೇ ಕಾಣುವ ಹಾಗೆ ನಿನ್ನ ಹೆಸರು, ರೋಗ, ಕೊಡಬೇಕಾದ ಇಂಜೆಕ್ಷನ್, ಆ ದಿನದ ಗುಳಿಗೆಗಳ ಲೆಕ್ಕ, ನನ್ನ ನಂಬರು ಎಲ್ಲ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿಟ್ಟೆ. ಇಂಜೆಕ್ಷನ್ನಿನ ಡಬ್ಬಿಯನ್ನು ನಿನ್ನ ಚೀಲದಲ್ಲಿ ಪಂಚಾಂಗದ ಕೆಳಗೆ ಇಟ್ಟೆ. ಆ್ಯಪಿನಲ್ಲಿ 'ಇಂದು ಹುಷಾರಿಲ್ಲ' ಎಂದೊಂದು ಹಳದಿ ಗುಂಡಿ ಇತ್ತು. ಅದನ್ನು ಒತ್ತಿದರೆ ಎಷ್ಟು ಗುಳಿಗೆ ನುಂಗಬೇಕು ಎಂದು ನಿನಗೂ, ಹೊರಟು ಬಾ ಎಂದು ನನಗೂ ಸುದ್ದಿ ಬರುತ್ತಿತ್ತು. ಎರಡು ವರ್ಷದಲ್ಲಿ ಅದನ್ನು ನೀನು ಒಮ್ಮೆಯೂ ಒತ್ತಲಿಲ್ಲ. ಎರಡು ವರ್ಷ ನಿನಗೆ ಒಂದು ನೆಗಡಿಯೂ ಬರಲಿಲ್ಲವೇ?

ಸುಜಾತಾ ನಮಗೆ ಸಿಕ್ಕದ್ದು ಅದೇ ಬೆಳಗಾವಿಯ ದವಾಖಾನೆಯ ಬೆಂಚಿನ ಮೇಲೆ. ರಾಮದುರ್ಗದಲ್ಲಿ ಕುಪ್ಪಸ ಹೊಲಿಯುವವಳು, ಬೌದ್ಧರ ಮನೆಯ ಸೊಸೆ. ಕ್ಷಯ ಬಂದು ಅವಳ ಆ ಗ್ರಂಥಿಗಳು ಹಾಳಾಗಿದ್ದವು. ಅವಳ ಫೋನಿಗೂ ನಾನೇ ಆ್ಯಪ್ ಹಾಕಿದೆ. ನಿನ್ನ ಫೋನು ನಿನ್ನನ್ನೇ ಬೈದದ್ದನ್ನು ಕೇಳಿ ಅವಳು ಸೆರಗು ಬಾಯಿಗಿಟ್ಟು ನಕ್ಕಳು, ನನಗೂ ಹಾಂಗ ಒಂದು ಬೈಗುಳ ಹಾಕಿಕೊಡ್ರಿ ಎಂದಳು. ನೀನು ಕೂತಲ್ಲೇ, "ಸುಜಾತವ್ವಾ, ಹೊಲಿಗಿ ಬಿಡು, ಮೊದಲ ಗುಳಿಗಿ ನುಂಗು" ಎಂದೆ. ನಮ್ಮ ಮನೆಗೆ ದಿನಾ ಮೂರು ಹೊತ್ತು ಆಚಾರ್ರು ಬರುತ್ತಾರೆ ಎಂದು ಅವಳು ಊರೆಲ್ಲ ಹೇಳಿಕೊಂಡು ಓಡಾಡಿದಳು. ನಿನಗೆ ಅದು ಹೆಮ್ಮೆಯೇ ಆಗಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ನಮ್ಮಿಬ್ಬರ ದೊಡ್ಡ ಜಗಳ ನಡೆದದ್ದು ಮಡಿಯ ಬಗ್ಗೆ. ಶ್ರಾದ್ಧ ಮಾಡಿಸಲು ಮಡಿಯುಟ್ಟು ಒಳಗೆ ಕೂತರೆ ಫೋನು ಮುಟ್ಟುವ ಹಾಗಿಲ್ಲ ಎಂದು ನೀನು. ಶ್ರಾದ್ಧದ ಹೊತ್ತೇ ಮಧ್ಯಾಹ್ನ, ಗುಳಿಗೆಯ ಹೊತ್ತೂ ಮಧ್ಯಾಹ್ನ, ಹಾಗಾದರೆ ಹೇಗೆ ಎಂದು ನಾನು. ನೀನು ಒಂದು ದಿನವೆಲ್ಲ ಪುಸ್ತಕ ತಿರುವಿ ತೀರ್ಪು ಕೊಟ್ಟೆ. "ಔಷಧಕ್ಕ ಮಡಿ-ಮೈಲಿಗಿ ಇಲ್ಲ, ಗುಳಿಗಿ ನುಂಗತೀನಿ. ಫೋನು ಔಷಧ ಅಲ್ಲ." ಗುಳಿಗೆಯನ್ನು ಅದರ ಹಾಳೆಯಿಂದ ಬಿಡಿಸಿ ಅಜ್ಜಿಯ ಬೆಳ್ಳಿಯ ಕುಂಕುಮದ ಭರಣಿಯಲ್ಲಿ ಹಾಕಿಕೊಂಡು ಒಳಗೆ ಒಯ್ಯುತ್ತಿದ್ದೆ. ಫೋನು ಮಾತ್ರ ಹೊರಗೆ, ಅಂಗಿಯ ಜೊತೆ ಚೀಲದಲ್ಲಿ, ಯಜಮಾನರ ಪಡಸಾಲೆಯ ಗೂಟದ ಮೇಲೆ. ಅಲ್ಲಿ ಅದು ಒಂದು ಗಂಟೆಯಿಂದ ಹತ್ತು ಹತ್ತು ನಿಮಿಷಕ್ಕೆ ನಿನ್ನನ್ನೇ ಬೈಯುತ್ತಿತ್ತು. ಊಟಕ್ಕೆ ಬಂದ ಬ್ರಾಹ್ಮಣರು ನಗುತ್ತಿದ್ದರಂತೆ. ಆಗ ನೀನೇ ಉಪಾಯ ಹೇಳಿಕೊಟ್ಟೆ: "ನಿನ್ನ ಫೋನಿಗೆ ಕೆಂಪು ಬರತದಲ್ಲ, ನೀನ ಅಲ್ಲಿಂದ ಹೌದು ಅಂತ ಒತ್ತಿಬಿಡು. ಒದರೋದು ನಿಂದರತದ. ನಾ ಊಟ ಆದಮ್ಯಾಲ ಮೂರಕ್ಕ ಫೋನ್ ಮಾಡಿ ಹೇಳತೀನಿ."

ಒತ್ತಿದೆ. ಕಿತ್ತೂರಿನ ಶ್ರಾದ್ಧದಲ್ಲಿ ಒತ್ತಿದೆ, ಚಚಡಿಯಲ್ಲಿ ಒತ್ತಿದೆ, ಪಕ್ಷಮಾಸದಲ್ಲಂತೂ ಹದಿನೈದೂ ದಿನ ಒತ್ತಿದೆ. ಮೂರು ಗಂಟೆಗೆ ನಿನ್ನ ಫೋನು ಬಂದೇ ಬರುತ್ತಿತ್ತು, ಊಟ ಆತು, ಗುಳಿಗಿ ಆತು, ಹೋಳಿಗಿ ಸ್ವಲ್ಪ ಗಟ್ಟಿ ಆಗಿದ್ವು ಎಂದು. ಗಿಡಕ್ಕೆ ನೀರು ಹಾಕಿದಷ್ಟು ಸಲೀಸಾಗಿ ನಾನು ಸುಳ್ಳು ಬರೆಯುವುದನ್ನು ಕಲಿತೆ. ಅದು ಸುಳ್ಳು ಎಂದು ಅನ್ನಿಸುತ್ತಲೂ ಇರಲಿಲ್ಲ.

ಮುನವಳ್ಳಿಯ ಶೇಷಗಿರಿರಾಯರ ತಾಯಿಯ ಶ್ರಾದ್ಧದ ದಿನ ನಮ್ಮ ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು. ನಾನು ಸ್ಟಾಫ್‌ರೂಮಿನಲ್ಲಿ ಪೇಪರು ತಿದ್ದುತ್ತಾ ಕೂತಿದ್ದೆ. ಒಂದೂವರೆಗೆ ಕೆಂಪು ಬಂತು. ಕೆಂಪು ಪೆನ್ನು ಬಲಗೈಯಲ್ಲಿತ್ತು, ಎಡಗೈ ಹೆಬ್ಬೆರಳಿನಿಂದ ಹೌದು ಎಂದು ಒತ್ತಿದೆ. ಪೇಪರಿನಿಂದ ಕಣ್ಣು ತೆಗೆದೆನೋ ಇಲ್ಲವೋ ನೆನಪಿಲ್ಲ. ಎಷ್ಟು ಸಲ ನೆನಪು ಮಾಡಿಕೊಂಡಿದ್ದೇನೆ ಗೊತ್ತೇ? ಕಣ್ಣು ತೆಗೆದಿರಲಿಲ್ಲ ಎಂದೇ ಅನ್ನಿಸುತ್ತದೆ.

ಅಲ್ಲಿ ನಡೆದದ್ದನ್ನು ಆಮೇಲೆ ರಾಯರ ಸೊಸೆ ಅಳುತ್ತಾ ಹೇಳಿದಳು. ಪಿಂಡಪ್ರದಾನದ ಹೊತ್ತಿಗೆ ನಿನ್ನ ಮಂತ್ರ ತಡವರಿಸತೊಡಗಿತು. ಗೋತ್ರ ಕೇಳಿದವನೇ ಮತ್ತೆ ಗೋತ್ರ ಕೇಳಿದೆಯಂತೆ. ಮೈಯೆಲ್ಲ ಬೆವರು. ಬೆಳಗಿನಿಂದ ಉಪವಾಸ, ಒಳಗೆ ಹೋಮದ ಹೊಗೆ, ಹೊರಗೆ ಬಿಸಿಲು, ಆಚಾರ್ಯರಿಗೆ ತಲೆ ಸುತ್ತಿರಬೇಕು ಎಂದು ನಿನ್ನನ್ನು ದೇವರಮನೆಯ ಪಕ್ಕದ ತಂಪಿನಲ್ಲಿ ಚಾಪೆಯ ಮೇಲೆ ಮಲಗಿಸಿದರು. ಪಾನಕ ಕೊಟ್ಟರೆ ನೀನು ಕುಡಿಯಲಿಲ್ಲ, ಮೊದಲು ಬ್ರಾಹ್ಮಣರ ಊಟ ಆಗಲಿ ಎಂದೆ. ಆ ಸೊಸೆ ಹುಬ್ಬಳ್ಳಿಯಲ್ಲಿ ಓದಿದ ಹುಡುಗಿ. ಮೊದಲು ಪಡಸಾಲೆಯಲ್ಲಿ ಫೋನು ನಿನ್ನನ್ನು ಬೈಯುವುದನ್ನು ಕೇಳಿದ್ದಳು. ಮಾವ, ಚೀಲದಲ್ಲಿ ಏನಾದರೂ ಔಷಧ ಇದ್ದೀತು, ನೋಡಲಾ ಎಂದು ಕೇಳಿದಳು. ರಾಯರು, "ಮಡಿಯಾಗ ಇದ್ದೀ, ಆಚಾರ್ರ ಚೀಲ ಮುಟ್ಟಬ್ಯಾಡವಾ" ಎಂದರು. ಆ ಹೊತ್ತಿಗೆ ಫೋನೂ ಸುಮ್ಮನಾಗಿತ್ತು. ನಾನೇ ಸುಮ್ಮನಾಗಿಸಿದ್ದೆ.

ಮೂರು ದಾಟಿದ ಮೇಲೆ ನೀನು ಕರೆದರೂ ಓಗೊಡದೆ ಇದ್ದಾಗ ಮಡಿ ಗಿಡಿ ಬಿಟ್ಟು ಕಾರಿನಲ್ಲಿ ಹಾಕಿಕೊಂಡು ಸವದತ್ತಿಗೆ ಓಡಿದರು. ಚೀಲವನ್ನೂ ಆಗ ತೆಗೆದುಕೊಂಡರು. ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವನು. ಅವನು ಚೀಲ ತೆರೆದ, ಫೋನಿನ ಮೇಲಿನ ಬರಹ ಓದಿದ, ನನಗೆ ಫೋನು ಮಾಡಿದ. ಎಲ್ಲ ಸರಿಯಾಗಿಯೇ ಮಾಡಿದ ಅಪ್ಪಾ. ಅವನ ದನಿ ಇನ್ನೂ ಕಿವಿಯಲ್ಲಿದೆ. "ಮೇಡಮ್, ಇವತ್ತಿನ ಎರಡೂ ಗುಳಿಗಿಗೆ ಹೌದು ಅಂತ ಅದ. ತೊಗೊಂಡಾರಲ್ಲ? ವಾಂತಿಗೀಂತಿ ಆಗಿತ್ತೇನು?"

"ಹೌದ್ರಿ, ತೊಗೊಂಡಾರ. ವಾಂತಿ ಏನೂ ಇಲ್ಲ," ಎಂದೆ.

ನಾನೇ ಒತ್ತಿದ ಗುಂಡಿಯನ್ನು ನಾನೇ ಸಾಕ್ಷಿ ಎಂದು ನಂಬಿದೆ. ಗುಳಿಗೆ ಹೊಟ್ಟೆಯಲ್ಲಿದೆ ಎಂದ ಮೇಲೆ ಇದು ಹೃದಯದ್ದೇ ಇರಬೇಕು ಎಂದು ಅವನು ಆ ಕಡೆ ಹೋದ, ಇಸಿಜಿ, ಮತ್ತೊಂದು, ಮಗದೊಂದು. ನಾನು ಶಾಲೆಯ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೊರಟೆ. ಅರ್ಧ ದಾರಿಗೆ ಬಂದಾಗ ಗಡಿಯಾರ ನೋಡಿದೆ. ನಾಲ್ಕೂಕಾಲು. ನಿನ್ನ ಮೂರು ಗಂಟೆಯ ಫೋನು ಬಂದಿರಲಿಲ್ಲ. ಹಾಗಾದರೆ ಆ ಹೌದು... ಡಾಕ್ಟರಿಗೆ ಫೋನು ಮಾಡಲು ಹೋಗಿ ಎರಡು ಸಲ ತಪ್ಪು ಒತ್ತಿದೆ, ಆ ಸಹೋದ್ಯೋಗಿ ಕಾರು ನಿಲ್ಲಿಸಿ ಒತ್ತಿಕೊಟ್ಟರು. ಯಾವುದಕ್ಕೂ ಕಾಯಬೇಡಿ, ಇಂಜೆಕ್ಷನ್ ಕೊಟ್ಟುಬಿಡಿ ಎಂದೆ. ಯಾಕೆ ಎಂದು ಹೇಳಲಿಲ್ಲ. ಕೊಟ್ಟರು. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ನೀನು ಹೋಗಿಬಿಟ್ಟೆ.

ನಿನ್ನ ಪಂಚೆಯ ಗಂಟಿನಲ್ಲಿ ಬೆಳ್ಳಿಯ ಭರಣಿ ಸಿಕ್ಕಿತು. ಮಧ್ಯಾಹ್ನದ್ದು, ಸಂಜೆಯದು, ಎರಡು ಗುಳಿಗೆಯೂ ಹಾಗೇ ಇದ್ದವು. ನೋಡಿದವರೆಲ್ಲ ಲೆಕ್ಕ ಹಾಕಿದರು: ಫೋನು ಹೊರಗೆ ಕೂಗಿದೆ, ಚೀಲ ಮುಟ್ಟಲು ರಾಯರು ಬಿಡಲಿಲ್ಲ, ಆಚಾರ್ಯರಿಗೆ ಗುಳಿಗೆಯ ನೆನಪಾಗಲಿಲ್ಲ, ಹೋದರು. ಕಾಕಾ ಅಂತೂ ರಾಯರ ಹೆಸರು ಹಿಡಿದು ಬಾಯಿಗೆ ಬಂದ ಹಾಗೆ ಬೈದ. ಹದಿಮೂರನೆಯ ದಿನ ರಾಯರು ಸವದತ್ತಿಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು ಅವ್ವನಿಗೆ ಕೈಮುಗಿದು, "ನನ್ನ ಮಡೀನ ಆಚಾರ್ರನ್ನ ತೊಗೊಂಡು ಹೋತು" ಎಂದರು. ಎಪ್ಪತ್ತೆರಡು ವರ್ಷದ ಮನುಷ್ಯ, ನಿನಗಿಂತ ಹಿರಿಯರು, ಹಾಗೆ ನಿಂತು ಅಳುತ್ತಿದ್ದರು. ಅವ್ವ ಒಂದು ಮಾತೂ ಆಡಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾನೂ ಆಡಲಿಲ್ಲ. ಇಷ್ಟು ನೀಚಳಾಗಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ ಅಪ್ಪಾ. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡೆ. ಯಾರು ಕೇಳುತ್ತಾರೆ? ಬೇರೊಬ್ಬರು ಹೊತ್ತುಕೊಂಡು ನಿಂತಿರುವಾಗ ಯಾರೂ ಕೇಳುವುದಿಲ್ಲ.

ಒಂದೂವರೆ ತಿಂಗಳ ಹಿಂದೆ ಸುಜಾತಾ ಫೋನು ಮಾಡಿದಳು. ಮದುವೆಯ ಸೀಸನ್ನು, ಕುಪ್ಪಸಗಳ ರಾಶಿ ಬಿದ್ದಿದೆ, ಹೊಲಿಗೆ ಮಷೀನು ಬಿಟ್ಟು ಏಳಲು ಆಗುತ್ತಿಲ್ಲ ಎಂದು ಶುರು ಮಾಡಿ, "ಅಕ್ಕಾರ, ಅದು ಒದರಿದಾಗ ನಮ್ಮ ಮನಿಯವರು ಅವರ ಫೋನಿನ್ಯಾಗಿಂದ ಹೌದು ಅಂತ ಒತ್ತಿದ್ರ ನಡೀತೈತೇನ್ರಿ? ಆಮ್ಯಾಲ ನುಂಗೇ ನುಂಗತೇನಿ" ಎಂದಳು. ನಾನು ಕಿರುಚಿದೆ. ಶಾಲೆಯ ಕಾರಿಡಾರಿನಲ್ಲಿ ಹೋಗುತ್ತಿದ್ದ ಮಕ್ಕಳು ನಿಂತು ನೋಡಿದವು. ಆಮೇಲೆ ಮೆಟ್ಟಿಲ ಮೇಲೆ ಕೂತು ಅವಳಿಗೆ ಎಲ್ಲ ಹೇಳಿದೆ, ಒಂದೂವರೆಯ ಹೌದು, ಡಾಕ್ಟರಿಗೆ ಹೇಳಿದ ಹೌದು, ಎರಡನ್ನೂ. ಮೊದಲು ಹೇಳಿದ್ದು ಅವಳಿಗೆ, ನಿನ್ನ ಹೆಂಡತಿಗಲ್ಲ, ರಾಯರಿಗಲ್ಲ. ಆ ಕಡೆಯಿಂದ ಮಷೀನಿನ ಸದ್ದು ನಿಂತಿತ್ತು. ಆಗ್ಲಿರೀ ಅಕ್ಕಾರ, ಇನ್ನ ನಂದು ನಾನ ಒತ್ತತೇನಿ ಎಂದಳು.

ಮೂರು ವಾರದ ಹಿಂದೆ ಅವಳಿಗೆ ಜ್ವರ ಬಂದು, ನುಂಗಿದ ಗುಳಿಗೆ ವಾಂತಿಯಾಯಿತು. ಇಲ್ಲ ಎಂದು ಒತ್ತಿದಳಂತೆ, ಹಳದಿ ಗುಂಡಿಯನ್ನೂ ಒತ್ತಿದಳಂತೆ. ಗಂಡ ಪೇಟೆಯಿಂದ ಓಡಿಬಂದು, ಫೋನಿನಲ್ಲಿದ್ದ ವಿಡಿಯೋ ನೋಡಿಕೊಂಡು ತೊಡೆಗೆ ಇಂಜೆಕ್ಷನ್ ಚುಚ್ಚಿ ಆಸ್ಪತ್ರೆಗೆ ಒಯ್ದ. ಎರಡು ದಿನದಲ್ಲಿ ಮನೆಗೆ ಬಂದಳು. ನನಗೆ ಫೋನು ಮಾಡಿ, ಆಚಾರ್ರು ಉಳಿಸಿದ್ರು ನೋಡ್ರಿ ಎಂದಳು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಫೋನಿಟ್ಟ ಮೇಲೆ ಹೊಟ್ಟೆಕಿಚ್ಚಿನಿಂದ ಅತ್ತೆ, ನಿಜ ಹೇಳಬೇಕೆಂದರೆ. ಒಂದು 'ಇಲ್ಲ' ಅಷ್ಟೇ ಸಾಕಿತ್ತಲ್ಲ ಅಪ್ಪಾ, ಅಷ್ಟೇ...

ಹೋದ ರವಿವಾರ ಮುನವಳ್ಳಿಗೆ ಹೋದೆ. ರಾಯರು ಕಟ್ಟೆಯ ಮೇಲೆ ಕೂತಿದ್ದರು, ತುಂಬಾ ಇಳಿದುಹೋಗಿದ್ದಾರೆ. ಸೊಸೆ ಚಹಾ ತಂದಿಟ್ಟಳು. ಚಹಾ ಮುಟ್ಟದೆ, ತಲೆ ತಗ್ಗಿಸಿಕೊಂಡು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಬೈದರೆ ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ, ಎಷ್ಟು ಗಂಟೆಗೆ ಒತ್ತಿದೆ ಎಂದು ಮಾತ್ರ ಕೇಳಿದರು. ಒಂದೂವರೆಗೆ ಎಂದೆ.

"ಒಂದೂವರಿಗೆ ಅವರ ಮಾತು ಆಗಲೇ ತಡವರಸ್ತಿತ್ತು. ನಾ ನೋಡೀನಿ. ಉಪವಾಸಕ್ಕ ಅಂತ ಸುಮ್ಮನಾದೆ," ಎಂದರು. ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿದರು. "ಚೀಲಾ ನಾ ಮುಟ್ಟಲಿಲ್ಲ. ಗುಂಡಿ ನೀ ಮುಟ್ಟಿದಿ. ಯಾರದು ಹೆಚ್ಚು ಅಂತ ತೂಗಲಿಕ್ಕೆ ನನ್ನ ಕಡೆ ತಕ್ಕಡಿ ಇಲ್ಲವಾ, ಸುಧಾ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ ಒಳಗೆ ಕರೆದು ಪಡಸಾಲೆಯ ಗೋಡೆ ತೋರಿಸಿದರು. ಆ ಗೂಟ ಕಿತ್ತು ತೆಗೆಸಿದ್ದಾರೆ, ಸುಣ್ಣ ಬಳಿದರೂ ತೂತು ಕಾಣುತ್ತದೆ. ಈಗ ಅವರ ಮನೆಗೆ ಬರುವ ಪುರೋಹಿತರಿಗೆ ಸಕ್ಕರೆ ಕಾಯಿಲೆಯಂತೆ. ಅವರ ಫೋನನ್ನು ರಾಯರು ಒಳಗೇ, ದರ್ಭೆಯ ಪಕ್ಕದಲ್ಲಿ ಒಂದು ಮಣೆಯ ಮೇಲೆ ಇಡಿಸುತ್ತಾರಂತೆ. ಫೋನೂ ಔಷಧವೇ ಎಂದು ತಿಳಿಯಲು ಇಷ್ಟು ದಿನ ಬೇಕಾಯಿತು ಎಂದರು. ನೀನಿದ್ದಿದ್ದರೆ ಇದಕ್ಕೆ ಯಾವ ಪುಸ್ತಕ ತಿರುವುತ್ತಿದ್ದೆಯೋ. ಬಾಗಿಲವರೆಗೆ ಬಂದು, ಅವ್ವನಿಗೆ ಹೇಳಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಹೇಳು ಎಂದರು.

ಆ ಸಂಜೆ ಅವ್ವ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಾ ಕೂತಿದ್ದಳು. ಎದುರಿಗೆ ಕೂತು ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಒಂದು ಬತ್ತಿ ಮುಗಿಸಿದಳು, ಇನ್ನೊಂದು ಹೊಸೆದಳು. ನನ್ನ ಮಾತು ಕೇಳಿಸಿತೋ ಇಲ್ಲವೋ ಎಂದು ಗಾಬರಿಯಾಯಿತು. ಆಮೇಲೆ ತಲೆಯೆತ್ತದೆಯೇ ಅವಳು ಹೇಳಿದಳು.

"ಆರು ಗಂಟೇದೂ ಸುಳ್ಳ ಅದ."

ಆ ಮುಂಜಾನೆ ನೀನು ಗುಳಿಗೆ ನುಂಗಿದ ಹತ್ತು ನಿಮಿಷಕ್ಕೆ ಹಿತ್ತಲಿಗೆ ಓಡಿ ಕಾರಿಕೊಂಡೆಯಂತೆ. ಒಂದಲ್ಲ, ಎರಡು ಸಲ. ಹಿಂದಿನ ದಿನದಿಂದ ಮೈ ಬಿಸಿ ಇತ್ತಂತೆ. ಅವ್ವ, ಸುಧಿಗೆ ಫೋನು ಮಾಡುತ್ತೇನೆ ಎಂದರೆ ನೀನು ಅವಳ ಕೈ ಹಿಡಿದು ಕೂರಿಸಿದೆಯಂತೆ. "ಆಕಿ ಸಾಲ್ಯಾಗ ಪರೀಕ್ಷಾ ನಡದಾವ. ರಜಾ ಹಾಕಿ ಓಡಿ ಬರತಾಳ. ತಿಥಿ ತಪ್ಪಸಲಿಕ್ಕೆ ಬರಂಗಿಲ್ಲ, ರಾಯರು ಕಾಯತಾರ. ಹೋಗಿ ಬಂದು ಮಲಗತೀನಿ" ಎಂದೆಯಂತೆ. ಆಮೇಲೆ ಫೋನು ತೆಗೆದು ನೀನೇ ಹೌದು ಎಂದು ಒತ್ತಿದೆಯಂತೆ, ಅವ್ವನ ಎದುರಿಗೇ. ಹನ್ನೊಂದು ತಿಂಗಳು ಅವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಫೋನಿಗೆ ಚಾರ್ಜು ಹಾಕಿದ್ದಾಳೆ. ರಾಯರು ಹೊಸ್ತಿಲಲ್ಲಿ ಅತ್ತಾಗ ಬಾಗಿಲ ಹಿಂದೆ ನಿಂತಿದ್ದವಳು ನಾನೊಬ್ಬಳೇ ಅಲ್ಲ, ಎದುರಿಗೆ ಕೂತಿದ್ದ ಅವಳೂ ಬಾಗಿಲ ಹಿಂದೆಯೇ ಇದ್ದಳು.

ನನಗೆ ಸಿಟ್ಟು ಬಂತು ಅಪ್ಪಾ. ಇಷ್ಟು ದಿನ ನನ್ನ ಮೇಲೆ ಮಾತ್ರ ಇದ್ದ ಸಿಟ್ಟು ಮೊದಲ ಸಲ ನಿನ್ನ ಮೇಲೆ ತಿರುಗಿತು. ನನ್ನ ಪರೀಕ್ಷೆಯ ಪೇಪರಿಗೋಸ್ಕರ ನಿನ್ನ ಜೀವವೇ? ಆ ಹಳದಿ ಗುಂಡಿ ಇದ್ದದ್ದು ಯಾತಕ್ಕೆ? ಇನ್ನೊಬ್ಬರಿಗೆ ತೊಂದರೆ ಬೇಡ ಎಂದು ನೀನೂ, ಊಟದ ಮನೆಯಲ್ಲಿ ಗದ್ದಲ ಬೇಡ ಎಂದು ನಾನೂ, ತಂದೆ-ಮಗಳು ಕೂಡಿ ಫೋನಿಗೆ ಎಷ್ಟು ಮರ್ಯಾದೆಯಿಂದ ಸುಳ್ಳು ಹೇಳಿದೆವು! ಪಾಪ, ಅದು ನಾವು ಹೇಳಿದ್ದನ್ನೇ ಡಾಕ್ಟರಿಗೆ ಹೇಳಿತು. ನನ್ನ ತಪ್ಪು ಹಗುರವಾಯಿತೇ ಎಂದು ಕೇಳುತ್ತೀಯಾ? ಇಲ್ಲ. ಒಂದು ಗಂಟೆಯದಕ್ಕೆ ನಾನು ಇಲ್ಲ ಎಂದಿದ್ದರೆ ಆ ಡಾಕ್ಟರು ಬಂದ ಕೂಡಲೇ ಇಂಜೆಕ್ಷನ್ ಕೊಡುತ್ತಿದ್ದ. ಅಷ್ಟು ಮಾತ್ರ ನನಗೆ ಖಂಡಿತ ಗೊತ್ತು. ಆದರೂ ಆ ಹೊತ್ತು ಅವ್ವ, ನಾನು ಇಬ್ಬರೂ ಅತ್ತೆವು. ನೀನು ಹೋದ ಮೇಲೆ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು. ಮರುದಿನ ಅವ್ವ ತಾನೇ ರಾಯರಿಗೆ ಫೋನು ಮಾಡಿ ಬೆಳಗಿನದನ್ನು ಹೇಳಿದಳು, ವರ್ಷಾಂತಕ್ಕೆ ನೀವು ಬರಲೇಬೇಕು ಎಂದಳು. ಬರುತ್ತಾರಂತೆ.

ಇವತ್ತು ಮಧ್ಯಾಹ್ನ ಒಂದು ಗಂಟೆಗೆ ನೀನು ಕೂಗಿದಾಗ ಅವ್ವ ಕೈ ಒರೆಸಿಕೊಂಡು ನನ್ನ ಪಕ್ಕ ಬಂದು ನಿಂತಳು. ಫೋನು ತೆಗೆದೆ. ಹಿಂದಕ್ಕೆ ಹಿಂದಕ್ಕೆ ಸರಿಸಿ ಆ ದಿನಕ್ಕೆ ಹೋದೆ. ಎರಡು ಹಸಿರು ಹೌದು, ಸಂಜೆಯದು ಖಾಲಿ. ಹಳೆಯ ಉತ್ತರವನ್ನು ತಿದ್ದಲು ಅದರಲ್ಲಿ ಒಂದು ಪೆನ್ಸಿಲಿನ ಗುರುತು ಇದೆ. ಎರಡನೆಯದರ ಮೇಲೆ ಒತ್ತಿ, ಹೌದು ತೆಗೆದು ಇಲ್ಲ ಎಂದು ಮಾಡಿದೆ. ಖಂಡಿತವೇ ಎಂದು ಕೇಳಿತು. ಖಂಡಿತ ಎಂದೆ. ಅದೇ ಕ್ಷಣಕ್ಕೆ ನನ್ನ ಫೋನಿಗೆ ಕೆಂಪು ಬಂತು: ಭೀಮಾಚಾರ್ಯರು ಮಧ್ಯಾಹ್ನದ ಗುಳಿಗೆ ತೆಗೆದುಕೊಂಡಿಲ್ಲ. ಹನ್ನೊಂದು ತಿಂಗಳು ತಡವಾಗಿ ಬಂತು. ಕೂತು ಪೂರ್ತಿ ಓದಿದೆ, ಈ ಸಲ ಪರದೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ.

"ಮುಂಜಾನೇದೂ ತಿದ್ದತೀಯೇನು?" ಎಂದು ಅವ್ವ ಕೇಳಿದಳು.

ಬೇಡವ್ವ ಎಂದೆ. ಒಬ್ಬರದನ್ನು ಇನ್ನೊಬ್ಬರು ಒತ್ತಬಾರದು ಎಂದು ರಾಮದುರ್ಗದ ಸುಜಾತಾಗೆ ನಾನೇ ಹೇಳಿದ್ದೇನೆ. ಆರು ಗಂಟೆಯ ಹೌದು ನೀನು ಒತ್ತಿದ್ದು ಅಪ್ಪಾ. ಅದನ್ನು ನಾನು ಮುಟ್ಟಿಲ್ಲ.

ನಿನ್ನ
ಸುಧಿ